ಡೀಸೆಲ್ ಪಂಪ್ ಬದಲಾಯಿಸಿದ ವಾರ

ನನ್ನ ಕೋಪಕ್ಕೆ ಬಳೇಪೇಟೆಯಲ್ಲಿ ಒಳ್ಳೆಯ ಹೆಸರಿದೆ. ನಮ್ಮದು ಪಾತ್ರೆಗಳ ಸಗಟು ವ್ಯಾಪಾರ. ಸ್ಟೀಲು, ಹಿತ್ತಾಳೆ, ಅಲ್ಯೂಮಿನಿಯಂ, ಎಲ್ಲವೂ ಬಿದ್ದರೆ ಸದ್ದು ಮಾಡುವ ಸಾಮಾನು. ಆ ಸದ್ದಿನ ಮೇಲೆ ದನಿ ಏರಿಸಿ ಏರಿಸಿ ಗಂಟಲು ಹೀಗಾಗಿದೆ ಎಂದು ನಾನು ಹೇಳುತ್ತೇನೆ. ಹೆಂಡತಿ ಒಪ್ಪುವುದಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ಒಂದು ಲೋಟವೂ ಬೀಳದಿದ್ದಾಗ ಕೂಗುತ್ತೀರಲ್ಲ, ಅದಕ್ಕೇನು ಕಾರಣ ಎನ್ನುತ್ತಾಳೆ.

ಆ ಗಂಟಲಿನಿಂದಲೇ ಒಂದು ಬೆಳಿಗ್ಗೆ ನಮ್ಮ ಲಾರಿಯ ಡ್ರೈವರನ್ನು ಕಳ್ಳ ಎಂದೆ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿದ್ದವನು. ಅಂಗಡಿಯ ಮುಂದೆ ಲಾರಿ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಫಿಲ್ಟರಿನ ತಳದ ತಿರುಪು ಸಡಿಲಿಸಿ ಒಂದು ಬಾಟಲಿಗೆ ಏನನ್ನೋ ಇಳಿಸುತ್ತಿದ್ದ. ಡೀಸೆಲ್ ವಾಸನೆ ಮೂಗಿಗೆ ಬಡಿಯಿತು.

"ಏನೋ ಅದು?"

"ಫಿಲ್ಟರ್ ಕ್ಲೀನ್ ಮಾಡ್ತಿದೀನಿ ಯಜಮಾನ್ರೇ. ವಾರಕ್ಕೊಂದ್ಸಲ ಮಾಡ್ಲೇಬೇಕು."

"ವಾರಕ್ಕೊಂದ್ಸಲ! ಎಷ್ಟ್ ದಿನದಿಂದ ನಡೀತಿದೆ ಈ ಕಳ್ತನ?"

"ಸ್ವಲ್ಪ ಕೇಳಿ ಯಜಮಾನ್ರೇ..."

"ಕೇಳೋದೇನಿದೆ? ಕದ್ದ ಮಾಲು ಕೈಯಲ್ಲೇ ಇದೆಯಲ್ಲ!"

ತಳ್ಳುಗಾಡಿಯವರು ಗಾಡಿ ನಿಲ್ಲಿಸಿ ನೋಡಿದರು. ಅವನು ತಿರುಪು ಬಿಗಿ ಮಾಡಿ, ಕೈ ಒರೆಸಿಕೊಂಡು, ಲಾರಿಯ ಕೀ ಗಲ್ಲಾದ ಮೇಲಿಟ್ಟು ಹೊರಟುಹೋದ. ನಾನು ಅಷ್ಟಕ್ಕೇ ಬಿಡುತ್ತೇನೆಯೆ? ಪಕ್ಕದ ಬಳೆ ಅಂಗಡಿಯವರಿಗೆ, ಎದುರಿನ ಹಗ್ಗದ ಅಂಗಡಿಯವರಿಗೆ, ಲಾರಿ ಇಟ್ಟಿರುವ ಗುರುತಿನವರಿಗೆಲ್ಲ ಅವನನ್ನು ಸೇರಿಸಿಕೊಳ್ಳಬೇಡಿ ಎಂದು ಎಚ್ಚರಿಕೆ ಹೇಳಿ ಬಂದೆ. ಇಡೀ ಪೇಟೆಗೆ ಉಪಕಾರ ಮಾಡಿದ ತೃಪ್ತಿಯಲ್ಲಿ ಅವತ್ತು ಮಧ್ಯಾಹ್ನ ಎರಡು ತುತ್ತು ಹೆಚ್ಚೇ ಉಂಡೆ.

ಹೊಸ ಡ್ರೈವರ್ ಬಹಳ ಒಳ್ಳೆಯವನು. ಸ್ಟಿಯರಿಂಗ್ ಬಿಟ್ಟು ಲಾರಿಯ ಬೇರೆ ಯಾವ ಭಾಗವನ್ನೂ ಮುಟ್ಟುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ, "ಮೀಟರ್‌ನಲ್ಲಿ ಹಳದಿ ಲೈಟ್ ಬರ್ತಿದೆ ಸಾರ್," ಎಂದ.

"ಗಾಡಿ ಓಡ್ತಿದೆ ತಾನೆ? ಇರ್ಲಿ ಬಿಡು," ಎಂದೆ.

ಗಾಡಿ ಇನ್ನೊಂದು ವಾರ ಓಡಿತು. ಆಮೇಲೆ, ಮದುವೆ ಛತ್ರಕ್ಕೆ ಹೋಗಬೇಕಿದ್ದ ಕೊಳಗ, ಪರಾತಗಳನ್ನೆಲ್ಲ ಹೊತ್ತುಕೊಂಡು ಸಿರ್ಸಿ ಸರ್ಕಲ್ ಹತ್ತಿರ ನಿಂತೇಬಿಟ್ಟಿತು. ಕಂಪನಿಯ ಸರ್ವೀಸ್ ಸೆಂಟರಿನವರು ಬಂದು ಎಳೆದುಕೊಂಡು ಹೋದರು. ಡೀಸೆಲ್ ಪಂಪ್ ಹೋಗಿದೆ ಎಂದು ಸಂಜೆ ಫೋನ್ ಬಂತು.

ಕೊಂಡು ಎರಡು ವರ್ಷವಾಗಿಲ್ಲ, ಪಂಪ್ ಹೋಯಿತೆಂದರೆ ಏನರ್ಥ? ಮಾರನೆಯ ದಿನ ಜಗಳಕ್ಕೇ ಹೊರಟೆ. ಏನೇನು ಬೈಯಬೇಕೆಂದು ಆಟೋದಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದೆ. ಆದರೆ ಆ ಜಾಗ ಸರಿಯಿರಲಿಲ್ಲ. ಹೋದ ಕೂಡಲೇ ಕುರ್ಚಿ ಕೊಟ್ಟರು. ಕಾಫಿ ಬಂತು, ಅದೂ ಬಿಸಿಯಾಗಿ. ಹತ್ತು ನಿಮಿಷ ಕಾಯಿರಿ ಎಂದವರು ಸರಿಯಾಗಿ ಹತ್ತನೇ ನಿಮಿಷಕ್ಕೆ ಬಂದರು. ಬಂದ ಹೆಣ್ಣುಮಗಳು ನಮಸ್ಕಾರ ಮಾಡಿ, "ನಿಮಗೆ ತುಂಬಾ ತೊಂದ್ರೆ ಆಯ್ತು ಸಾರ್," ಎಂದುಬಿಟ್ಟಳು. ಇಂಥ ಕಡೆ ಮನುಷ್ಯ ಜಗಳವಾಡುವುದಾದರೂ ಹೇಗೆ?

ಲಾರಿಯ ಹತ್ತಿರ ಕರೆದುಕೊಂಡು ಹೋಗಿ ಒಂದು ಗಾಜಿನ ಜಾಡಿ ತೋರಿಸಿದಳು. ಟ್ಯಾಂಕಿನಿಂದ ತೆಗೆದದ್ದು. ಮೇಲೆ ಡೀಸೆಲ್, ಕೆಳಗೆ ನಾಲ್ಕು ಬೆರಳಿನಷ್ಟು ನೀರು. ಬಿಚ್ಚಿಟ್ಟ ಪಂಪಿನೊಳಗೆ ಕಬ್ಬಿಣದ ಹೊಳೆಯುವ ಪುಡಿ.

"ಈ ಪಂಪ್ ಸವೀದ ಹಾಗೆ ಕಾಯೋ ಎಣ್ಣೆನೂ ಡೀಸೆಲ್ಲೇ ಸಾರ್. ನೀರು ಹೋದ್ರೆ ಒಳಗೆ ಉಜ್ಜಿ ಉಜ್ಜಿ ಹೀಗೆ ಪುಡಿಯಾಗತ್ತೆ. ಪಂಪ್ ಒಂದನ್ನೇ ಹಾಕಿ ಕೊಟ್ರೆ ಈ ಪುಡಿ ಹೊಸ ಪಂಪನ್ನೂ ತಿಂದ್ಹಾಕತ್ತೆ. ಟ್ಯಾಂಕ್ ತೊಳೀಬೇಕು, ಪೈಪ್, ಇಂಜೆಕ್ಟರ್ ಎಲ್ಲಾ ನೋಡ್ಬೇಕು."

"ನಮ್ಮ ಪೇಟೆ ಬಂಕಿನವರು ನೀರು ಬೆರೆಸಿದಾರೆ."

"ಅದೇ ಬಂಕ್‌ನಲ್ಲಿ ಹಾಕಿಸೋ ಗಾಡಿಗಳು ಬೇಕಾದಷ್ಟು ನಮ್ಮಲ್ಲಿಗೆ ಬರ್ತವೆ ಸಾರ್. ಯಾವುದಕ್ಕೂ ಹೀಗಾಗಿಲ್ಲ."

"ಹಾಗಾದ್ರೆ ನಮ್ಮ ಹಳೇ ಡ್ರೈವರ್‌ದೇ ಕೆಲ್ಸ. ಡೀಸೆಲ್ ಕದ್ದು ನೀರು ತುಂಬಿದಾನೆ!" ಎಂದು ಬಾಟಲಿಯ ಕಥೆಯನ್ನೆಲ್ಲ ಹೇಳಿದೆ.

ಅವಳು ಜಾಡಿಯನ್ನು ಕೆಳಗಿಟ್ಟಳು. "ಆ ತಿರುಪು ಇರೋದೇ ಫಿಲ್ಟರ್‌ನಲ್ಲಿ ನಿಂತ ನೀರು ತೆಗೆಯೋಕೆ ಸಾರ್. ಅವರು ತೆಗೀತಿದ್ದದ್ದು ನೀರು. ಹಳದಿ ಲೈಟೂ ಅದಕ್ಕೇ ಬರೋದು. ಇಷ್ಟು ದಿನ ಪಂಪ್ ಉಳಿದಿದ್ದೇ ಅವರಿಂದ. ಟ್ಯಾಂಕ್ ಮುಚ್ಚಳದ ಕೀ ಯಾರ್ಯಾರ ಹತ್ರ ಇರತ್ತೆ?"

"ಡ್ರೈವರ್ ಹತ್ರ ಒಂದು, ನನ್ನ ಹತ್ರ ಒಂದು. ನಾನಂತೂ ಸೋಮವಾರ ಬಿಟ್ರೆ ಮುಟ್ಟೋದೇ ಇಲ್ಲ."

"ಸೋಮವಾರ ಏನು ಸಾರ್?"

ಸೋಮವಾರ ಏನೆಂದರೆ, ಲಿಂಗಪೂಜೆ ಮುಗಿಸಿ ತೀರ್ಥವನ್ನು ಲಾರಿಗೂ ಹಾಕುವುದು ನಮ್ಮಲ್ಲಿ ಅಪ್ಪನ ಕಾಲದಿಂದ ಬಂದ ಪದ್ಧತಿ. ಅಪ್ಪ ಬಾನೆಟ್ ಮೇಲೆ ನಾಲ್ಕು ಹನಿ ಚಿಮುಕಿಸುತ್ತಿದ್ದರು. ನಾನು ಅಪ್ಪನಿಗಿಂತ ಭಕ್ತ. ಹೊರಗೆ ಚಿಮುಕಿಸಿದರೆ ಏನು ಬಂತು, ಒಳಗೆ ಹೋಗಲಿ ಎಂದು ಟ್ಯಾಂಕಿಗೇ ಒಂದು ಬಟ್ಟಲು ಸುರಿಯುತ್ತಿದ್ದೆ. ತೀರ್ಥವೂ ನೀರೇ ಎಂಬುದು, ದೇವರಾಣೆ, ನನಗೆ ಯಾವತ್ತೂ ಹೊಳೆದಿರಲಿಲ್ಲ.

ಅವಳು ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. "ಇನ್ಮೇಲೆ ಬಾನೆಟ್ ಮೇಲೇ ಹಾಕಿ ಸಾರ್, ಅಲ್ಲೇನೂ ಆಗಲ್ಲ," ಎಂದು ಮೆತ್ತಗೆ ಹೇಳಿ, ಕಾಗದದಲ್ಲಿ 'ಟ್ಯಾಂಕಿನಲ್ಲಿ ನೀರು' ಎಂದಷ್ಟೇ ಬರೆದುಕೊಂಡಳು. ಯಾರು ಹಾಕಿದ್ದು ಎಂದು ಬರೆಯಲಿಲ್ಲ. ಇದಕ್ಕೆ ವಾರಂಟಿ ಬರುವುದಿಲ್ಲ ಎನ್ನುವುದನ್ನೂ ಅಷ್ಟೇ ಮರ್ಯಾದೆಯಿಂದ ತಿಳಿಸಿದಳು. ಗುರುತಿಲ್ಲದ ಗಿರಾಕಿಯ ಮಾನವನ್ನು ಅವಳು ಅಷ್ಟು ಜೋಪಾನ ಮಾಡಿದ್ದು ನೋಡಿ ನನಗೆ ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ನೇರ ಡ್ರೈವರನ್ನು ಹುಡುಕಿಕೊಂಡು ಹೋದೆ. ನನ್ನ ಉಪಕಾರದ ಫಲವಾಗಿ ಪೇಟೆಯಲ್ಲಿ ಯಾರೂ ಅವನಿಗೆ ಗಾಡಿ ಕೊಟ್ಟಿರಲಿಲ್ಲ. ಉಪ್ಪಾರಪೇಟೆಯ ಒಂದು ಲಾಡ್ಜಿನ ಮುಂದೆ ಸೀಟಿ ಊದಿಕೊಂಡು, ಬಂದವರ ಕಾರುಗಳನ್ನು ಹಿಂದೆ ಮುಂದೆ ಮಾಡಿಸುತ್ತಿದ್ದ. ನನ್ನನ್ನು ನೋಡಿ ಸೀಟಿಯನ್ನು ಜೇಬಿಗೆ ಹಾಕಿಕೊಂಡ.

"ನಾನು ತೀರ್ಥ ಹಾಕೋದು ನಿನಗೆ ಗೊತ್ತಿತ್ತೇನೋ?"

"ಗೊತ್ತಿತ್ತು ಯಜಮಾನ್ರೇ."

"ಮತ್ತೆ ಬೊಗಳೋದಕ್ಕೇನಾಗಿತ್ತು?" ತಪ್ಪೊಪ್ಪಿಕೊಳ್ಳಲು ಹೋದಾಗಲೂ ನನ್ನ ಬಾಯಿ ನನ್ನದೇ.

"ದೇವ್ರ ವಿಷ್ಯ. ಹಾಕ್ಬೇಡಿ ಅಂತ ನಾನ್ ಹೇಗ್ ಹೇಳ್ಲಿ? ಸೋಮವಾರ ನೀವು ಹಾಕ್ತಿದ್ರಿ, ಮಂಗಳವಾರ ನಾನು ತೆಗೀತಿದ್ದೆ. ನಡ್ಕೊಂಡ್ ಹೋಗ್ತಿತ್ತು."

ತಪ್ಪಾಯಿತು, ಕೆಲಸಕ್ಕೆ ಬಾರಪ್ಪ ಎಂದೆ.

"ಬರ್ತೀನಿ. ಕೆಲ್ಸ ಎಲ್ಲಾದ್ರೂ ಸಿಗತ್ತೆ ಯಜಮಾನ್ರೇ, ಹೆಸ್ರು ಸಿಗಲ್ಲ. ಅವತ್ತು ಎಲ್ಲಿ ನಿಂತು ಹೇಳಿದ್ರೋ ಅಲ್ಲೇ ನಿಂತು, ಅಷ್ಟೇ ಜೋರಾಗಿ, ಇವ್ನು ಕಳ್ಳ ಅಲ್ಲ ಅಂತ ಹೇಳಿ."

ಹೊಸ ಪಂಪ್ ಹಾಕಿಸಿಕೊಂಡು ಲಾರಿ ಬಂದ ದಿನ ಅವನೂ ಬಂದ. ಅಂಗಡಿಯ ಮುಂದೆ ನಿಂತು, "ಇವನು ಕದ್ದಿರಲಿಲ್ಲ! ಲಾರಿ ಕೆಡಿಸಿದ್ದು ನಾನು!" ಎಂದು ಕೂಗಿದೆ. ತಳ್ಳುಗಾಡಿಯವರು ಮತ್ತೆ ನಿಂತು ನೋಡಿದರು. ಬಳೆ ಅಂಗಡಿಯವರು ಮೆಟ್ಟಿಲಿಳಿದು ಬಂದು ನನ್ನ ಕೈ ಹಿಡಿದುಕೊಂಡರು.

"ಮಾಡಿದ್ದನ್ನ ಮರ್ತು, ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡು ವಾಪಸ್ ಸೇರಿಸ್ಕೊಂಡ್ರಲ್ಲ! ಎಂಥಾ ದೊಡ್ಡ ಮನಸ್ಸು ಸ್ವಾಮಿ ನಿಮ್ದು!"

"ಅಯ್ಯೋ, ನಿಜವಾಗ್ಲೂ ನಾನೇ ಕಣ್ರೀ!"

"ಗೊತ್ತು ಬಿಡಿ, ಗೊತ್ತು," ಎಂದು ಅವರು ಡ್ರೈವರ್ ಕಡೆ ತಿರುಗಿ, "ಇನ್ನಾದ್ರೂ ನಿಯತ್ತಾಗಿರಪ್ಪ," ಎಂದರು.

ಡ್ರೈವರ್ ಲಾರಿ ಹತ್ತಲಿಲ್ಲ. "ಇನ್ನೊಂದ್ಸಲ ಹೇಳಿ ಯಜಮಾನ್ರೇ," ಎಂದ.

ಇನ್ನೊಂದು ಸಲ ಕೂಗಿದೆ. ಆಮೇಲೆ ಎದುರಿನ ಹಗ್ಗದ ಅಂಗಡಿಗೆ ಹೋಗಿ ಹೇಳಿದೆ. ಅವರೂ ನನ್ನ ಮನಸ್ಸನ್ನೇ ಹೊಗಳಿದರು.