ಮೊಂಡಿಯ ಕತ್ತಿ, ಅಪ್ಪನ ಕಳ್ಳಿ

ನನ್ನ ಟೈಲರಂಗಡಿಗೂ ಪಕ್ಕದ ಕ್ಷೌರದಂಗಡಿಗೂ ನಡುವೆ ಇರೋದು ಒಂದು ಹಲಗೆಯ ಗೋಡೆ. ಅಲ್ಲಿ ಸೀನಿದರೆ ಇಲ್ಲಿ ನನ್ನ ಹೊಲಿಗೆ ಸೊಟ್ಟಗಾಗುತ್ತೆ. ಆ ಅಂಗಡಿಯನ್ನು ಈಗ ನಡೆಸೋದು ಯಜಮಾನನ ಮಗಳು. ಮೊಂಡಿ ಅಂತ ಅವಳಿಗೆ ಹೆಸರಿಟ್ಟವಳು ನಾನೇ. ಅವಳು ಮೊಂಡಿ, ಅವಳ ಕತ್ತಿಯಲ್ಲ.

ಅಪ್ಪನ ಕೈ ನಡುಗಲು ಶುರುವಾದಾಗ ಕತ್ತಿ ಇವಳ ಕೈಗೆ ಬಂತು. ಕಲಿಸಿದವನೂ ಅವನೇ. ಆದರೆ ತನ್ನ ಗಡ್ಡ ಬೆಳೆದಾಗ ಆ ಪುಣ್ಯಾತ್ಮ ಏನು ಮಾಡಿದ ಗೊತ್ತಾ? ಎಲ್ಲರೂ ನೋಡ್ತಿರುವಾಗಲೇ ರಸ್ತೆ ದಾಟಿ ಎದುರಂಗಡಿಗೆ ಹೋಗಿ ಕೂತ! ಹೆತ್ತಪ್ಪನೇ ಕುತ್ತಿಗೆ ಒಡ್ಡದ ಮೇಲೆ ಊರವರು ಒಡ್ತಾರಾ? ಕೂದಲು ಕತ್ತರಿಸಿಕೊಳ್ಳಲು ಒಬ್ಬಿಬ್ಬರು ಬರ್ತಿದ್ದರು, ಗಡ್ಡಕ್ಕೆ ಒಬ್ಬನೂ ಇಲ್ಲ. ಹೀಗೇ ಆದರೆ ಅಂಗಡಿಯನ್ನು ತನ್ನ ತಮ್ಮನ ಮಗನಿಗೆ ಕೊಟ್ಟುಬಿಡ್ತೀನಿ ಅಂದ ಅಪ್ಪ.

"ಕೊಡು, ನೋಡೇಬಿಡೋಣ! ನಾನು ಕುರ್ಚಿ ಮೇಲೇ ಕೂತಿರ್ತೀನಿ. ನನ್ನ ಸಮೇತ ಎತ್ಕೊಂಡು ಹೋಗಲಿ," ಅಂದಳು ಇವಳು.

ಅಷ್ಟರಲ್ಲಿ ಬಾಗಿಲ ಪಕ್ಕದ ಕುಂಡದ ಕಳ್ಳಿಗಿಡ ಕಾಯಿಲೆ ಬಿತ್ತು. ಅಪ್ಪ ಅಂಗಡಿ ತೆರೆದ ವರ್ಷ ನೆಟ್ಟದ್ದು, ಮುಂಗೈ ದಪ್ಪ, ಸೊಂಟದೆತ್ತರ. ಮುಳ್ಳಿನ ಸಂದಿಯಲ್ಲೆಲ್ಲ ಹತ್ತಿ ಅಂಟಿಸಿದ ಹಾಗೆ ಬಿಳಿ ಹುಳ, ಹಿಟ್ಟುತಿಗಣೆ. ಬುಡ ಒತ್ತಿದರೆ ಕೊಳೆತ ಬಾಳೆಹಣ್ಣು.

"ನೀನು ಕತ್ತಿ ಹಿಡಿದಾಗಿನಿಂದ ಶುರುವಾಯ್ತು ನೋಡು," ಅಂದ ಅಪ್ಪ.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಕುಂಡದ ಮಣ್ಣು ಕೆದಕಿ ಮೂಸಿ ನೋಡಿದಳು. ಸೋಪಿನ ವಾಸನೆ! ಕೆಲಸವಿಲ್ಲದೆ ಕೂತ ಅಪ್ಪ, ಪಾಪ, ಸುಮ್ಮನಿರಲಾರದೆ ಬಾಚಣಿಗೆ ತೊಳೆದ ನೀರನ್ನೆಲ್ಲ ದಿನಾ ಗಿಡಕ್ಕೇ ಸುರೀತಿದ್ದ.

"ಅಪ್ಪಾ, ಇದು ನಿನ್ನದೇ ಕೆಲಸ. ಕಳ್ಳಿಗೆ ಯಾರಾದ್ರೂ ದಿನಾ ನೀರು ಹಾಕ್ತಾರಾ?"

"ಹಾಳಾಗಿಹೋಗಲಿ, ಎಸೆದುಬಿಡು."

"ಎಸೆಯಲ್ಲ!"

ಗಿಡವನ್ನು ಕಿತ್ತು, ಟವೆಲ್ಲು ಸುತ್ತಿ, ಗಿರಾಕಿಯ ಕುರ್ಚಿಯ ತೋಳುಗಳ ಮೇಲೇ ಅಡ್ಡ ಮಲಗಿಸಿದಳು. ಬಾಗಿಲಲ್ಲಿ ಜನ ಸೇರಿದರು. ನಾನೂ ಹೊಲಿಗೆ ಬಿಟ್ಟು ಓಡಿದೆ. ಸಣ್ಣ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದೇ ಸಂದಿಯ ತಿಗಣೆ ಒರೆಸಿ ತೆಗೆದಳು. ಆಮೇಲೆ ಕತ್ತಿ ತೆಗೆದು ಮೆತ್ತಗಾದ ಬುಡವನ್ನು ಪೂರ್ತಿ ಕತ್ತರಿಸಿ ಎಸೆದಳು. ಒಳಗೆ ಇನ್ನೂ ಕಂದು. ಕತ್ತಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇನ್ನೊಂದು ಬಿಲ್ಲೆ ತೆಗೆದಳು. ನಡುವೆ ಇನ್ನೂ ಕಂದು ಚುಕ್ಕೆ.

"ಪಟಿಕ ಉಜ್ಜಮ್ಮಾ, ರಕ್ತ ಬಂದೀತು!" ಅಂತ ಯಾರೋ ನಕ್ಕರು.

"ಸಾಕು ಬಿಡೇ, ಗಿಡವೇ ಮುಗಿದುಹೋಗುತ್ತೆ," ಅಂದ ಅಪ್ಪ.

"ಒಂದು ಚುಕ್ಕೆ ಉಳಿದರೂ ಕೊಳೆ ಮತ್ತೆ ಏರುತ್ತೆ. ನೀನು ಸುಮ್ನಿರಪ್ಪ."

ತೆಳ್ಳಗೆ, ಮತ್ತೂ ತೆಳ್ಳಗೆ ಸವರುತ್ತಾ ಹೋದಳು. ಕೈ ಒಂಚೂರೂ ಅಲುಗಲಿಲ್ಲ. ಕೊನೆಗೆ ಕಲೆಯಿಲ್ಲದ ಹಸಿರು ತಿರುಳು ಕಂಡಿತು. ನನಗೆ ಅಳುವೇ ಬಂತು ಕಣ್ರೀ, ಸುಳ್ಳು ಯಾಕೆ ಹೇಳಲಿ.

ಉಳಿದ ಅರ್ಧ ಗಿಡವನ್ನು ಗಾಯ ಒಣಗಲಿ ಅಂತ ನೆರಳಿನಲ್ಲಿಟ್ಟಳು. "ಚರ್ಮ ಕಟ್ಟಿದ ಮೇಲೆ ಮರಳುಮಣ್ಣಿಗೆ ಇಡ್ತೀನಿ. ಅಲ್ಲಿವರೆಗೆ ಒಂದು ಹನಿ ನೀರು ತೋರಿಸು, ಆಮೇಲೆ ಇದೆ ನಿನಗೆ," ಅಂತ ಅಪ್ಪನಿಗೆ ಎಚ್ಚರಿಕೆ ಕೊಟ್ಟಳು. ಕುರ್ಚಿ ಒರೆಸಿ, ಬೇರೆ ಕತ್ತಿ ತೆಗೆದು, ಬಾಗಿಲ ಕಡೆ ತಿರುಗಿದಳು.

"ಹೂಂ, ತಮಾಷೆ ನೋಡಿದ್ದಾಯ್ತಲ್ಲ. ಗಡ್ಡ ಯಾರಿಗೆ?"

ಗಂಡಸರೆಲ್ಲ ಚಪ್ಪಲಿ ನೋಡುತ್ತಾ ನಿಂತರು. ಗೊಣಗಣ್ಣ ಅಂತ ನಾವು ಕರೆಯೋ ಪೋಸ್ಟ್‌ಮ್ಯಾನ್, ಜನ್ಮದಲ್ಲಿ ಒಂದು ಒಳ್ಳೆ ಮಾತಾಡದವನು, ಎಲ್ಲರನ್ನೂ ತಳ್ಳಿಕೊಂಡು ಬಂದು ಕುರ್ಚಿಯಲ್ಲಿ ಕೂತ. "ಮುಳ್ಳಿಗೇ ಇಷ್ಟು ನಯ ಮಾಡ್ತಾಳೆ, ನನ್ನ ಗಡ್ಡ ಏನು ಮಹಾ? ಹಚ್ಚು ಸೋಪು!" ಅವನ ಹಿಂದೆ ಇನ್ನೊಬ್ಬ ಬಂದು ಬೆಂಚು ಹಿಡಿದ.

ಅಪ್ಪ ಎದ್ದು ನಿಂತ. ಈಗಲೂ ರಸ್ತೆ ದಾಟ್ತಾನಾ ಈ ಮುದುಕ? ಇಲ್ಲ. ಕುರ್ಚಿಯ ಹತ್ತಿರ ಬಂದು ಕೆನ್ನೆ ಸವರಿಕೊಂಡು, "ಮೊದಲು ನನ್ನದು ಮಾಡಮ್ಮಾ," ಅಂದ.

ಮೊಂಡಿ ಗೊಣಗಣ್ಣನ ಗಲ್ಲ ಎತ್ತಿದಳು. ಅಪ್ಪನ ಕಡೆ ತಿರುಗಲೂ ಇಲ್ಲ.

"ಸರದಿ ಇದೆ ಅಪ್ಪಾ. ಬೆಂಚಿನ ಮೇಲೆ ಕೂತ್ಕೋ."

ತಾನೇ ಕಟ್ಟಿದ ಅಂಗಡಿಯಲ್ಲಿ ಯಜಮಾನ ಬೆಂಚಿನ ತುದಿಗೆ ಹೋಗಿ ಕೂತು ಕಾದ.