ಮಹಾಂತಪ್ಪ ಕಾಕಾ ಮತ್ತು ನಮ್ಮ ಮನೆಯ ಲೈನು

ಕೆಟ್ಟ ಯಂತ್ರವನ್ನು ಮುಟ್ಟುವ ಮೊದಲು ಮಹಾಂತಪ್ಪ ಕಾಕಾ ಅದರ ಮುಂದೆ ಕಣ್ಣು ಮುಚ್ಚಿ ಕೂಡುತ್ತಿದ್ದರು. ಪವರ್‌ಲೂಮ್ ಆದರೂ ಅಷ್ಟೆ, ಕಂಪ್ಯೂಟರ್ ಆದರೂ ಅಷ್ಟೆ. ಇಳಕಲ್ಲಿನ ಮಗ್ಗಗಳ ಶೆಡ್ಡುಗಳಲ್ಲಿ ಮೂವತ್ತು ವರ್ಷ ರಿಪೇರಿ ಮಾಡಿ, ಐವತ್ತು ದಾಟಿದ ಮೇಲೆ ಹಟಕ್ಕೆ ಬಿದ್ದು ಕಂಪ್ಯೂಟರ್ ಕಲಿತವರು. ದಿನಾ ಮಾಡುವ ಕೆಲಸ ಮಾಡಿಕೊಂಡಿರಿ ಎಂದು ಮನೆಯವರಿಗೆ ಹೇಳಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ನಿದ್ದೆ ಹತ್ತಿದೆಯೆಂದು ನಮ್ಮವ್ವ ಒಮ್ಮೆ ತಂದ ಚಹಾ ವಾಪಸ್ ಒಯ್ದಿದ್ದಳು.

ಅವರು ನಮ್ಮ ಮನೆಗೆ ಬಂದದ್ದು ನನ್ನಿಂದಾಗಿ. ನಾನು ಉಗ್ಗುತ್ತಿದ್ದೆ. ಇಪ್ಪತ್ತಾರು ತುಂಬಿದರೂ ಫೋನ್ ಎತ್ತುತ್ತಿರಲಿಲ್ಲ. ಖಾಸಗಿ ಶಾಲೆಗಳ ಎರಡು ಸಂದರ್ಶನಗಳು ನನ್ನ ಹೆಸರು ಹೇಳುವುದರಲ್ಲೇ ಮುಗಿದುಹೋಗಿದ್ದವು. ಇನ್ನೊಂದಕ್ಕೆ ಎರಡು ತಿಂಗಳಿತ್ತು. ಆಗಷ್ಟೇ ಬ್ರಾಡ್‌ಬ್ಯಾಂಡ್ ಹಾಕಿಸಿದ್ದೆವು. ಧಾರವಾಡದ ಒಬ್ಬ ಮೇಡಂ ಇಂಟರ್ನೆಟ್ಟಿನಲ್ಲೇ ನನಗೆ ಮಾತು ತಿದ್ದಲು ಒಪ್ಪಿದ್ದರು. ಆದರೆ ನಾನು ಅಂದದ್ದು ಅವರಿಗೆ ತಡವಾಗಿ ಮುಟ್ಟುತ್ತಿತ್ತು. ನಾನು ಸುಮ್ಮನಾದೆನೆಂದು ಅವರು ಶುರು ಮಾಡುವಷ್ಟರಲ್ಲಿ ನನ್ನ ಮಾತು ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ನಾನು ಗಪ್ಪಾಗುತ್ತಿದ್ದೆ. ನಾಲ್ಕು ಪಾಠವಾದ ಮೇಲೆ ಬಿಟ್ಟುಬಿಡುತ್ತೇನೆ ಅಂದೆ.

ಕಾಕಾ ಬಂದು ಕಂಪ್ಯೂಟರಿನ ಪಕ್ಕ ಕಣ್ಣು ಮುಚ್ಚಿ ಕೂತರು. ನಾನು ಪಾಠಕ್ಕೆ ಕೂತೆ. ಕೆಳಗೆ ನಮ್ಮ ಸೀರೆ ಅಂಗಡಿಯಲ್ಲಿ ಅಣ್ಣ ಎಂದಿನಂತೆ ಅದೇ ಲೈನಿನಿಂದ ಪರವೂರ ವ್ಯಾಪಾರಿಗಳಿಗೆ ಹೊಸ ಸೀರೆಗಳ ಫೋಟೊ ಕಳಿಸುತ್ತಿದ್ದ. ಅರ್ಧ ತಾಸಿಗೆ ಕಾಕಾನಿಗೆ ರೋಗ ತಿಳಿಯಿತು. ಹೊರಗೆ ಹೋಗುವ ದಾರಿಯನ್ನೆಲ್ಲ ಫೋಟೊಗಳು ತುಂಬಿಕೊಳ್ಳುತ್ತಿದ್ದವು, ನನ್ನ ಮಾತು ಅವುಗಳ ಹಿಂದೆ ಪಾಳಿ ಹಚ್ಚಿ ಕಾಯುತ್ತಿತ್ತು.

"ನೀ ನಿಲ್ಲೂದು ಬ್ಯಾರೆ, ಲೈನ್ ನಿಲ್ಲೂದು ಬ್ಯಾರೆ. ಮೊದಲ ಲೈನ್ ಸರಿ ಮಾಡೂಣು. ಉಳದದ್ದಷ್ಟ ನಿಂದು" ಅಂದರು. ಅಲ್ಲಿಯವರೆಗೆ ಎಲ್ಲ ತಪ್ಪೂ ನನ್ನದೇ ಎಂದುಕೊಂಡಿದ್ದ ನನಗೆ ಅಳು ಬಂದುಬಿಟ್ಟಿತು.

ರೌಟರಿನಲ್ಲಿ ಅವರು ಮಾಡಿದ್ದು ಎರಡೇ ಕೆಲಸ. ಮಾತು ಮೊದಲು, ಫೋಟೊ ಆಮೇಲೆ ಎಂದು ಸರತಿ ಹಚ್ಚಿದರು. ಮನೆಯಿಂದ ಹೊರಗೆ ಕಳಿಸುವ ವೇಗವನ್ನು ಲೈನಿನ ಪೂರ್ತಿ ವೇಗಕ್ಕಿಂತ ತುಸು ಕೆಳಗೆ ಹಿಡಿದರು. ಲೈನು ತುಂಬಿ ತುಳುಕಿದರೆ ಪಾಳಿ ರೌಟರಿನ ಆಚೆ, ನಮ್ಮ ಕೈಮೀರಿದ ಕಡೆ ಬೆಳೆಯುತ್ತದೆ, ಅಲ್ಲಿ ಯಾರನ್ನೂ ಮುಂದೆ ಬಿಡಲಾಗದು ಎಂದು ವಿವರಿಸಿದರು. ಅಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. ಮಗ್ಗ ನಿಧಾನ ಮಾಡಿ ಯಾರಾದರೂ ಹೆಚ್ಚು ಸೀರೆ ನೇಯ್ದಿದ್ದಾರೆಯೇ ಎಂದು ಕೇಳಿದ. ಮಿತಿ ಮೀರಿ ಓಡಿಸಿದ ಮಗ್ಗದಲ್ಲಿ ಎಳೆ ಹರಿಯುವುದನ್ನು ನೀನು ನೋಡಿಲ್ಲವೇ ಎಂದು ಕಾಕಾ ತಿರುಗಿ ಕೇಳಿದರು. ಅವರು ಅತ್ತ ಹೋದದ್ದೇ ತಡ, ಅಣ್ಣ ವೇಗ ಏರಿಸಿದ. ಪಾಠ ಕೆಟ್ಟಿತು. ಕಾಕಾ ಸೈಕಲ್ ತುಳಿದುಕೊಂಡು ಬಂದು ಇಳಿಸಿದರು. ಅಣ್ಣ ಮತ್ತೆ ಏರಿಸಿದ.

ಮುಂದಿನ ಸಲ ಬಂದಾಗ ಕಾಕಾ ರೌಟರ್ ಮುಟ್ಟಲಿಲ್ಲ. ಫೋಟೊಗಳು ಹೋಗುತ್ತಿರುವಾಗಲೇ ಅಣ್ಣನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಮೇಡಂ ಜೊತೆ ನೀನೇ ಮಾತಾಡು ಎಂದರು. ಅಣ್ಣ ಮಾತಿನ ಮಲ್ಲ. ಹುನಗುಂದದಿಂದ ಬಾಗಲಕೋಟೆಯವರೆಗೆ ಗಿರಾಕಿಗಳು ಅವನ ಬಾಯಿಗೆ ಸೋಲುತ್ತಿದ್ದರು. ಅಂಥವನು ಮೇಡಂ ಮಾತಿನ ಮೇಲೆ ಮಾತು ಹಾಕಿ, ತಡವರಿಸಿ, ಅಂದದ್ದನ್ನೇ ಅಂದು, ಕೊನೆಗೆ ತೆರೆದ ಬಾಯಲ್ಲೇ ಕೂತ. ಕಾಕಾ ನಗಲಿಲ್ಲ.

"ನಿನಗ ಎರಡು ಮಿನಿಟ್ ಆತು. ನಿನ್ನ ತಮ್ಮಗ ಬುದ್ಧಿ ಬಂದಾಗಿಂದ ಹಿಂಗ ಆಗೇತಿ."

ಅಣ್ಣ ತಾನೇ ವೇಗ ಇಳಿಸಿದ. ಮತ್ತೆಂದೂ ಏರಿಸಲಿಲ್ಲ.

ಪಾಠ ಬಿಡದೆ ಮುಂದುವರಿಸಿದೆ. ಆ ಮೂರನೇ ಸಂದರ್ಶನದಲ್ಲಿ ಉಗ್ಗಿದೆ, ಆದರೆ ಎದ್ದು ಬರಲಿಲ್ಲ. ಬಾದಾಮಿಯ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಕಾಕಾ ತೀರಿಕೊಂಡ ಸುದ್ದಿ ಬಂದದ್ದು ಅಲ್ಲಿರುವಾಗಲೇ. ಮುಖ ನೋಡಲು ಸಿಗಲಿಲ್ಲ. ಆ ಸಂಕಟ ಇಂದಿಗೂ ಇದೆ. ಇಳಕಲ್ಲಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಮಗಳು ನನ್ನನ್ನು ಎರಡು ಮಾತಾಡಲು ಕರೆದಳು. ಮೈಕ್ ಹಿಡಿದೆ. ಅವರ ಹೆಸರಿನ ಮೊದಲ ಅಕ್ಷರಕ್ಕೇ ಸಿಕ್ಕಿಬಿದ್ದೆ. ಕೈಮುಗಿದು ಕೂತಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಕೂಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ, ಹೆಸರು ಪೂರ್ತಿ ಹೇಳಿದೆ. ಆಮೇಲೆ ಇಡೀ ಸಭೆಯ ಮುಂದೆ ಹತ್ತು ನಿಮಿಷ ಅವರ ಬಗ್ಗೆ ಮಾತಾಡಿದೆ.