ಬತ್ತುವ ಹೊಂಡದ ಗೊದಮೊಟ್ಟೆಗಳು

ಟೀಚರ್ ಸೀರೆಯಂಚಿಗೆ ಯಾವಾಗಲೂ ಒಣಗಿದ ಕೆಸರು ಅಂಟಿರುತ್ತಿತ್ತು. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನಮ್ಮ ಕೆಳಗಿನ ಮನೆ ಅವರದು. ಮೈಸೂರಿನವರು, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಪಾರ್ಶ್ವವಾಯು ಬಡಿದು ಮಲಗಿದ್ದ ಗಂಡನಿಗೆ ತಿಂಡಿ ತಿನ್ನಿಸಿದ ಮೇಲೆ ಪಕ್ಕದ ಖಾಲಿ ಸೈಟಿಗೆ ಹೋಗಿ, ಮಳೆನೀರಿನ ಹೊಂಡದ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. "ಬಾರಮ್ಮ, ಇದಕ್ಕೆ ಹಿಂಗಾಲು ಮೂಡಿದೆ ನೋಡು" ಎಂದು ನನ್ನನ್ನೂ ಕರೆಯುತ್ತಿದ್ದರು. ನೀರು ಕಾಯದಿರಲೆಂದು ತೆಂಗಿನ ಗರಿ ಹಾಸಿದ್ದರು. ಕಾಲು ಬಂದ ಮರಿಗಳು ಹತ್ತಿ ಕೂರಲೆಂದು ಇಟ್ಟಿಗೆಗಳನ್ನಿಟ್ಟಿದ್ದರು.

ಚೆನ್ನೈಗೆ ಚೆನ್ನೈಯೇ ನೀರಿಗೆ ಪರದಾಡಿದ ವರ್ಷ ಅದು. ದೀಪಾವಳಿಯ ಹೊತ್ತಿಗೆ ಸುರಿದ ಮಳೆ ಮತ್ತೆ ಬರಲೇ ಇಲ್ಲ. ಹೊಂಡ ಕುಗ್ಗುತ್ತಾ ಹೋಯಿತು. ಟೀಚರ್ ಲಾರಿಯಿಂದ ಹಿಡಿದ ನೀರನ್ನು ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟು ಹೊಂಡಕ್ಕೆ ಸುರಿಯುತ್ತಿದ್ದರು.

"ಮನುಷನುಕ್ಕೇ ತಣ್ಣಿ ಇಲ್ಲೆ, ಟೀಚರ್!" ಎಂದು ಎದುರುಮನೆಯ ಮಾಮಿ ತಮಿಳಿನಲ್ಲಿ ರೇಗಿದರು, ಮನುಷ್ಯರಿಗೇ ನೀರಿಲ್ಲವೆಂದು.

ಒಳಗೆ ಮಲಗಿದ್ದ ಗಂಡ ತೊದಲುತ್ತಾ ಹೇಳಿದರಂತೆ: "ನನ್ನ ಮೈ ನಾಳೆ ಒರೆಸು. ಇವತ್ತಿನ ನೀರು ಅವಕ್ಕೆ ಹಾಕು."

ಹಾಗೇ ಕೆಲವು ದಿನ ನಡೆಯಿತು. ಆಮೇಲೆ ಗಂಡನ ಬೆನ್ನ ಮೇಲೆ ಹುಣ್ಣು ಕಾಣಿಸಿಕೊಂಡಿತು.

"ಇನ್ನು ಇವಕ್ಕೆ ನೀರು ಹಾಕೋದು ನನ್ ಕೈಲಾಗಲ್ಲಮ್ಮ" ಎಂದರು ಟೀಚರ್.

"ದೇವಸ್ಥಾನದ ಕೊಳಕ್ಕೆ ಬಿಟ್ಟರೆ?"

"ಅದೂ ಬತ್ತಿದೆ. ಎಲ್ಲಿಗೆ ಅಂತ ಒಯ್ಯಲಿ?"

ನಮ್ಮ ಮನೆಯಲ್ಲಿ ಹಸುಗೂಸಿಗೆ ಕುದಿಸಿಟ್ಟ ನೀರು ಬಿಟ್ಟರೆ ಬೇರೆ ಇರಲಿಲ್ಲ. ಬರಬೇಕಿದ್ದ ಲಾರಿಯೂ ಬರಲಿಲ್ಲ. ಅಂಗೈಯಗಲ ಉಳಿದ ಕೆಸರಿನಲ್ಲಿ ಗೊದಮೊಟ್ಟೆಗಳು ಒಂದರ ಮೇಲೊಂದು ಮಿಡುಕುತ್ತಿದ್ದವು. ಕೆಲವಕ್ಕೆ ಮುಂಗಾಲೂ ಬಂದಿತ್ತು, ಬಾಲ ಇನ್ನೂ ಕರಗಿರಲಿಲ್ಲ. ಕಾಗೆಗಳು ಇಳಿದವು. ಟೀಚರ್ ಸ್ವಲ್ಪ ಹೊತ್ತು ಓಡಿಸಿದರು, ಆಮೇಲೆ ಕೈ ಇಳಿಬಿಟ್ಟರು.

"ಒಂದು ವಾರ ಸಿಕ್ಕಿದ್ರೆ ಸಾಕಿತ್ತು."

"ಒಳಗೆ ಬನ್ನಿ ಟೀಚರ್" ಎಂದೆ.

"ನೀನು ಹೋಗಮ್ಮ. ಮಗು ಅಳ್ತಿದೆ. ನಾನಿರ್ತೀನಿ."

ಕಿಟಕಿಯಿಂದ ನೋಡಿದೆ. ಕೊನೆಯದೂ ಅಲುಗಾಡುವುದನ್ನು ನಿಲ್ಲಿಸುವವರೆಗೆ ಅವರು ಬಿಸಿಲಲ್ಲೇ ಕೂತಿದ್ದರು.

ಮುಂದಿನ ಬೇಸಿಗೆಯಲ್ಲಿ ಗಂಡ ತೀರಿಕೊಂಡರು. ಟೀಚರ್ ಮೈಸೂರಿಗೆ ಹೋದರು, ಕೆಲವು ವರ್ಷಗಳ ನಂತರ ಅಲ್ಲೇ ಕಣ್ಣು ಮುಚ್ಚಿದರು. ಸುದ್ದಿ ನನಗೆ ತಡವಾಗಿ ತಿಳಿಯಿತು.

ನನ್ನ ಅಮ್ಮ ಆಸ್ಪತ್ರೆಯಲ್ಲಿ ಕೊನೆಯ ಉಸಿರೆಳೆಯುತ್ತಿದ್ದಾಗ, ಮಾಡಲು ಏನೂ ಉಳಿದಿಲ್ಲ, ಹೊರಗೆ ಕೂತಿರಿ ಎಂದು ನರ್ಸ್ ಹೇಳಿದಳು. ನಾನು ಏಳಲಿಲ್ಲ. ಅಮ್ಮನ ಕೈ ಹಿಡಿದು ಅಲ್ಲೇ ಕೂತೆ. ಹಾಗೆ ಕೂರಲು ನನಗೆ ಕಲಿಸಿದವರು ಟೀಚರ್.